ಟೇಬಲ್‌ಟಾಪ್ ಆಡಿಯೊ: ಆಟದ ಮೇಜಿಗೆ ಪುಕ್ಕಟೆ ಹಿನ್ನೆಲೆ ಸದ್ದು

ಮೇಜಿನ ಸುತ್ತ ಕೂತು ದಾಳ ಉರುಳಿಸುತ್ತ ಕಥೆ ಕಟ್ಟುವ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಥರದ ಆಟ ನಡೆಸುವವರಿಗೆ ಈ ಜಾಲತಾಣ ಒಳ್ಳೇ ಸರಕು. ಒಂದೊಂದು ಟ್ರ್ಯಾಕೂ 10 ನಿಮಿಷ. ನಡುವೆ ಜಾಹೀರಾತು ನುಗ್ಗುವುದಿಲ್ಲ. ಹೆಂಡದಂಗಡಿ, ಕಾಡು, ಗುಹೆ, ಬಾಹ್ಯಾಕಾಶ ನೌಕೆ, ಎಲ್ಲವೂ ಇವೆ. ಸಾಹಿತ್ಯವಿರುವ ಹಾಡುಗಳಲ್ಲ ಎಂಬುದೇ ದೊಡ್ಡ ಅನುಕೂಲ: ಮಾತು ಕೇಳಿಸಿದರೆ ಆಟಗಾರರ ಕಿವಿ ಅತ್ತಲೇ ಹೋಗುತ್ತದೆ.

ಇದೇ ತಾಣದ ಸೌಂಡ್‌ಪ್ಯಾಡ್ ವಿಭಾಗದಲ್ಲಿ ಬಿಡಿ ಸದ್ದುಗಳಿಗೆ ಬೇರೆ ಬೇರೆ ಗುಂಡಿಗಳಿವೆ. ಚೆಂದವೇ, ಆದರೆ ಕಥೆ ಹೇಳುತ್ತಲೇ ಅವನ್ನೂ ಒತ್ತುತ್ತ ಕೂತರೆ ಯಾರ ಸರದಿಯೆಂಬುದೇ ಮರೆಯುತ್ತದೆ. ಒಂದು ಸಂಜೆಗೆ ನಾಲ್ಕು ಟ್ರ್ಯಾಕ್ ಸಾಕು: ಪಯಣ, ಊರು, ಆತಂಕ, ಕಾಳಗ. ಮೊದಲೇ ಡೌನ್‌ಲೋಡ್ ಮಾಡಿ ಲೂಪ್‌ಗೆ ಹಾಕಿ. ಇಲ್ಲದಿದ್ದರೆ ನೆಟ್ ಕೈಕೊಟ್ಟಾಗ ಡ್ರ್ಯಾಗನ್ ಮೌನವಾಗಿ ಹಾರಿಬರುತ್ತದೆ. ಸ್ಪೀಕರ್ ಮೇಜಿನಿಂದ ದೂರವಿರಲಿ, ದಾಳ ಉರುಳುವ ಸದ್ದು ಅದನ್ನು ಮೀರಿ ಕೇಳಿಸಬೇಕು. ಕಾಳಗ ಮುಗಿದ ತಕ್ಷಣ ಟ್ರ್ಯಾಕ್ ಬದಲಿಸಿ. ಡೋಲಿನ ಬಡಿತ ಮುಂದುವರಿದರೆ ಎಲ್ಲರಿಗೂ ತಲೆ ಚಿಟ್ಟು ಹಿಡಿಯುತ್ತದೆ.