‘ಫುಲ್ ಟ್ರ್ಯಾಕ್ ಪ್ಯಾಕೇಜ್’ ಅಂತ ಅಡ್ವಾನ್ಸ್ ಕೇಳಿದರೆ ಸ್ವಲ್ಪ ತಡೆಯಿರಿ

ಹಳೇ ಸ್ವಿಫ್ಟನ್ನೋ ಪೋಲೋವನ್ನೋ ರೇಸ್ ಟ್ರ್ಯಾಕಿನಲ್ಲಿ ಓಡಿಸುವ ಟ್ರ್ಯಾಕ್ ಕಾರು ಮಾಡಿಸಲು ಬೆಂಗಳೂರಿನಲ್ಲಿ ಗ್ಯಾರೇಜು ಹುಡುಕುತ್ತಿರುವವರು ದುಡ್ಡು ಕೊಡುವ ಮೊದಲು ಇದನ್ನು ಓದಿ. ನನಗೆ ಟೋಪಿ ಹಾಕಿದವರ ಹೆಸರು ಬರೆಯುತ್ತಿಲ್ಲ.

ನನ್ನದು 1.3 ಲೀಟರ್ ಪೆಟ್ರೋಲ್ ಸ್ವಿಫ್ಟ್. ರೋಲ್ ಕೇಜ್ (ಕಾರಿನೊಳಗೆ ಕೂರಿಸುವ ಉಕ್ಕಿನ ಪೈಪಿನ ಚೌಕಟ್ಟು), ಸಸ್ಪೆನ್ಷನ್, ಬ್ರೇಕು, ಅಲಾಯ್ ವೀಲು ಎಲ್ಲಕ್ಕೂ ಸೇರಿ ಒಂದೇ ಮೊತ್ತ. ‘ಎಲ್ಲಾ ಇಂಪೋರ್ಟೆಡ್ ಮಾಲು ಸಾರ್’ ಅಂದರು ಗ್ಯಾರೇಜಿನವರು. ಎಕ್ಸಾಸ್ಟಿನ ಸದ್ದು ಜೋರಾಗಿಯೇ ಬಂತು, ಆ ವಿಷಯದಲ್ಲಿ ಮೋಸವಿಲ್ಲ.

ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ ಕೆಲವು ಸುತ್ತು ಹೊಡೆಯುವಷ್ಟರಲ್ಲಿ ಬ್ರೇಕ್ ಪೆಡಲ್ ನೆಲ ಮುಟ್ಟಿತು. ಕಾರು ಟ್ರ್ಯಾಕು ಬಿಟ್ಟು ಜಲ್ಲಿಯಲ್ಲಿ ಹೂತು ನಿಂತಿದ್ದರಿಂದ ಬಚಾವಾದೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹಾಕಿದ್ದೇವೆ ಎಂದಿದ್ದರು. ಬಿಚ್ಚಿದಾಗ ಬಂದದ್ದು ಕಪ್ಪಾದ ಹಳೇ ಎಣ್ಣೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಊರೊಳಗೆ ಓಡಿಸುವಾಗ ಇದು ಗೊತ್ತೇ ಆಗುವುದಿಲ್ಲ. ಟ್ರ್ಯಾಕಿನ ಕಾವಿಗೆ ಎಣ್ಣೆ ಕುದಿದು ಆವಿಯಾದರೆ ಪೆಡಲ್ ತುಳಿದರೂ ಒತ್ತಡ ಹುಟ್ಟುವುದಿಲ್ಲ. ಡಬ್ಬಿ ನಿಮ್ಮ ಮುಂದೆಯೇ ಒಡೆಯಲಿ.

ವೀಲು ಬಿಚ್ಚಿದಾಗ ಇನ್ನೊಂದು ಬಯಲಾಯಿತು. ಸ್ವಿಫ್ಟಿನ ಸ್ಟಡ್ಡು 12 ಎಂಎಂ, ಥ್ರೆಡ್ ಪಿಚ್ (ಒಂದು ಸುತ್ತಿನಿಂದ ಇನ್ನೊಂದು ಸುತ್ತಿಗಿರುವ ಅಂತರ) 1.25 ಎಂಎಂ. ಇವರು 1.5 ಪಿಚ್ಚಿನ ನಟ್ಟನ್ನು ಗಾಳಿ ಒತ್ತಡದಲ್ಲಿ ಬಿಗಿಸುವ ಏರ್ ಗನ್ನಿನಲ್ಲಿ ಬಲವಂತವಾಗಿ ಏರಿಸಿದ್ದರು. ಥ್ರೆಡ್ಡೆಲ್ಲ ಅರೆದುಹೋಗಿತ್ತು. ಸರಿಯಾದ ನಟ್ಟು ಕೈಯಲ್ಲೇ ಕೊನೆತನಕ ತಿರುಗಬೇಕು, ಗನ್ನು ಆಮೇಲೆ.

ಈಗ ರೋಲ್ ಕೇಜಿಗೆ ಬರೋಣ, ನನಗೆ ಹೆಚ್ಚು ಸಿಟ್ಟು ಬಂದದ್ದು ಇದರಿಂದ. ಕಾರು ಮಗುಚಿದಾಗ ತಲೆ ಉಳಿಸುವುದು ಮುಖ್ಯವಾಗಿ ಇದೇ. ಜಾಗತಿಕ ಮೋಟಾರ್ ರೇಸಿಂಗ್ ಸಂಸ್ಥೆ ಎಫ್‌ಐಎಯ ನಿಯಮದಂತೆ ಕೇಜಿನ ಮುಖ್ಯ ಕಮಾನಿಗೆ ಉದ್ದಕ್ಕೂ ಬೆಸುಗೆಯಿಲ್ಲದ, ಕೋಲ್ಡ್ ಡ್ರಾನ್ (ಬಿಸಿ ಮಾಡದೆ ಎಳೆದು ಮಾಡಿದ) ಕಾರ್ಬನ್ ಸ್ಟೀಲ್ ಪೈಪು ಬೇಕು: 45 ಎಂಎಂ ವ್ಯಾಸಕ್ಕೆ 2.5 ಎಂಎಂ ದಪ್ಪ, ಅಥವಾ 50ಕ್ಕೆ 2. ಪೀಣ್ಯದ ಫ್ಯಾಬ್ರಿಕೇಟರ್ ಒಬ್ಬರು ನನ್ನ ಕೇಜಿಗೆ ಸಣ್ಣ ತೂತು ಕೊರೆದು ಅಳೆದು, ‘ಇದು ಗೇಟು-ಗ್ರಿಲ್ ಮಾಡೋ ಪೈಪು ಸಾರ್, 1.6 ಇದೆ’ ಅಂದರು. ಮೇಲೆ ಮಾತ್ರ ಹೊಳೆಯುವ ಪೌಡರ್ ಕೋಟಿಂಗ್. ಕಮಾನಿನ ಬುಡವನ್ನೂ ಅಗಲದ ಪ್ಲೇಟು ಕೊಡದೆ ನೇರವಾಗಿ ತೆಳು ಫ್ಲೋರಿಗೆ ಬೆಸೆದಿದ್ದರು. ಮಗುಚಿದ್ದರೆ ಪೈಪು ಫ್ಲೋರನ್ನೇ ಸೀಳಿ ಕೆಳಗೆ ಇಳಿಯುತ್ತಿತ್ತು. ಬಣ್ಣ ಹಚ್ಚುವ ಮೊದಲೇ ಹೋಗಿ ನೋಡಿ. ಕತ್ತರಿಸಿದ ತುಂಡೊಂದನ್ನು ಕೇಳಿ ತೆಗೆದುಕೊಂಡು ಒಳಗೆ ಬೆರಳಾಡಿಸಿ. ಉದ್ದಕ್ಕೂ ಏಣು ಸಿಕ್ಕರೆ ಅದು ಬೆಸೆದ ಪೈಪು.

‘ಆರ್‌ಟಿಒ ನಾವು ನೋಡ್ಕೋತೀವಿ’ ಅನ್ನುವ ಮಾತನ್ನೂ ನಂಬಬೇಡಿ. ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು ಎಂದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿದೆ. ಹಾಗಾಗಿ ಕಾರನ್ನು ರಸ್ತೆಯಲ್ಲಿ ಓಡಿಸದೆ ಟ್ರ್ಯಾಕಿಗೆ ಸಾಗಿಸುವ ಟ್ರೇಲರಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ದುಡ್ಡು ವಾಪಸ್ ಕೇಳಿದ್ದಕ್ಕೆ ಗ್ಯಾರೇಜಿನವರು ‘ನೀವು ಓಡಿಸಿದ ರೀತಿ ಸರಿಯಿಲ್ಲ’ ಎಂದರು. ವಕೀಲರು ಮೊದಲು ಕೇಳಿದ್ದು ಬಿಲ್ಲು. ಗ್ಯಾರೇಜಿನವರು ಕೊಟ್ಟ ಕಚ್ಚಾ ಚೀಟಿಯಲ್ಲಿ ಪಾರ್ಟ್ ನಂಬರೂ ಇಲ್ಲ, ಕಂಪನಿ ಹೆಸರೂ ಇಲ್ಲ, ‘ಟ್ರ್ಯಾಕ್ ವರ್ಕ್’ ಅಂತ ಒಂದೇ ಸಾಲು. ಪಾರ್ಟುಗಳನ್ನು ನೀವೇ ಜಿಎಸ್‌ಟಿ ಬಿಲ್ಲಿನ ಮೇಲೆ ತಂದುಕೊಡಿ, ಗ್ಯಾರೇಜಿಗೆ ಕೂಲಿ ಮಾತ್ರ ಕೊಡಿ. ಇದಕ್ಕೆ ಒಪ್ಪದ ಕಡೆ ಕಾರು ಬಿಡಬೇಡಿ.