ಡಾಕ್ಟರ್ ಬುಕಿಂಗ್ ಆ್ಯಪ್ ಜೊತೆ ಏಳು ವರ್ಷ: ಡೊಂಬಿವಲಿಯಿಂದ

2018ರಿಂದ ಈ ಆ್ಯಪ್ ನನ್ನ ಫೋನಿನಲ್ಲಿದೆ. ಅತ್ತೆಗೆ ಶುಗರ್. ಮೂರು ತಿಂಗಳಿಗೊಮ್ಮೆ ಅವರ ಡಾಕ್ಟರ್, ನಡುವೆ ಕಣ್ಣು, ಹಲ್ಲು, ಮಗನ ಜ್ವರ. ಎಲ್ಲದಕ್ಕೂ ಬುಕಿಂಗ್ ಇದರಲ್ಲೇ. ಆ್ಯಪ್‌ನ ಹೆಸರು ಬರೆಯುತ್ತಿಲ್ಲ. ಇಂಥ ಬೇರೆ ಎರಡನ್ನೂ ಬಳಸಿ ನೋಡಿದ್ದೇನೆ, ತೊಂದರೆ ಹೆಚ್ಚುಕಮ್ಮಿ ಒಂದೇ. 5ಕ್ಕೆ 3 ಕೊಡುತ್ತೇನೆ. ಎರಡು ವರ್ಷ ಹಿಂದೆ ಕೇಳಿದ್ದರೆ 4 ಕೊಡುತ್ತಿದ್ದೆ.

ಮದುವೆಯಾಗಿ ಕುಂದಾಪುರದಿಂದ ಮುಂಬೈ ಪಕ್ಕದ ಡೊಂಬಿವಲಿಗೆ ಬಂದಿದ್ದು 1998ರಲ್ಲಿ. ಆಗ ನಮ್ಮ ಗಲ್ಲಿಯ ದವಾಖಾನೆಯ ಬಾಗಿಲಲ್ಲಿ ಒಂದು ನೋಟ್‌ಬುಕ್ ನೇತಾಡುತ್ತಿತ್ತು. ಅದಕ್ಕೇ ದಾರ ಕಟ್ಟಿದ ಪೆನ್ನು. ಡಾಕ್ಟರ್ ಬರುವುದು ಒಂಬತ್ತೂವರೆಗೆ, ಆದರೆ ಹೆಸರು ಬರೆಯುವ ಸಾಲು ಏಳಕ್ಕೇ ಶುರು. ‘ನಂಬರ್ ಲಾವಲಾ ಕಾ?’, ನಂಬರ್ ಹಚ್ಚಿದಿರಾ ಎಂದು ಪಕ್ಕದ ಮನೆಯವರು ಮರಾಠಿಯಲ್ಲಿ ಕೇಳುತ್ತಿದ್ದರು. ನಮ್ಮವರು ಲೋಕಲ್ ರೈಲು ಹಿಡಿಯಲು ಹೋಗುವಾಗ ಹೆಸರು ಬರೆದು ಹೋಗುತ್ತಿದ್ದರು. ನಾನು ಅಡುಗೆ ಮುಗಿಸಿ, ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದೆ. ಒಮ್ಮೆ ಮಗಳಿಗೆ ಜ್ವರ ಏರಿ ಕಣ್ಣು ಮೇಲಕ್ಕೆ ಹೋದಂತಾಯಿತು. ನನ್ನ ನಂಬರ್ 23. ಕಂಪೌಂಡರ್ ಕಾಕಾ ನೋಟ್‌ಬುಕ್ ನೋಡಲೇ ಇಲ್ಲ. ಮಗುವಿನ ಮುಖ ನೋಡಿದರು, ಬಾಗಿಲು ತೆಗೆದರು. ಕಾಯುತ್ತಿದ್ದ ಒಬ್ಬರೂ ಚಕಾರ ಎತ್ತಲಿಲ್ಲ.

ದೊಡ್ಡ ಡಾಕ್ಟರ್ ಬೇಕಾದರೆ ಪಾಡು ಬೇರೆ. ಮುಂಬೈನ ದಾದರ್ ಕಡೆಯ ಕ್ಲಿನಿಕ್‌ಗೆ ಪಿಸಿಒ ಬೂತ್‌ನಿಂದ ಫೋನ್ ಮಾಡಬೇಕು. ಹತ್ತರಿಂದ ಹನ್ನೊಂದರವರೆಗೆ ಮಾತ್ರ ಅಪಾಯಿಂಟ್‌ಮೆಂಟ್. ಆ ಒಂದು ಗಂಟೆ ಪೂರ್ತಿ ಎಂಗೇಜ್.

ಹಾಗಾಗಿ ಆ್ಯಪ್ ಬಂದಾಗ ನಿಜವಾಗಿ ಖುಷಿಯಾಯಿತು. ರಾತ್ರಿ ಹನ್ನೊಂದಕ್ಕೆ ಪಾತ್ರೆ ತೊಳೆದಿಟ್ಟು ಬುಕ್ ಮಾಡಬಹುದು. ಫೀಸ್ ಎಷ್ಟು, ಯಾವ ದಿನ ಇರುತ್ತಾರೆ, ಎಲ್ಲ ಮೊದಲೇ ಗೊತ್ತಾಗುತ್ತದೆ. ಹಳೆಯ ರಿಪೋರ್ಟ್‌ಗಳೂ ಅಲ್ಲೇ ಇರುತ್ತವೆ.

ಆದರೆ ಸ್ಲಾಟ್ 6.40 ಎಂದಿದ್ದರೆ 6.40ಕ್ಕೆ ಒಳಗೆ ಬಿಡುತ್ತಾರೆ ಎಂದುಕೊಳ್ಳಬೇಡಿ. ನಾವು ಹೋಗುವ ಒಂದು ಕ್ಲಿನಿಕ್‌ನಲ್ಲಿ 8.15 ಆಗಿದ್ದುಂಟು. ರಿಸೆಪ್ಷನ್‌ನ ಹುಡುಗಿಯನ್ನು ಕೇಳಿದ ಮೇಲೆ ಕಾರಣ ತಿಳಿಯಿತು. ಆ್ಯಪ್‌ಗೆ ಗೊತ್ತಿರುವುದು ಆ್ಯಪ್‌ನಿಂದ ಬಂದವರು ಮಾತ್ರ. ಫೋನ್ ಮಾಡಿ ಬಂದವರು, ನೇರ ಬಂದವರು, ರಿಪೋರ್ಟ್ ತೋರಿಸಲು ಬಂದವರು ಅವಳ ಮೇಜಿನ ರಿಜಿಸ್ಟರ್‌ನಲ್ಲಿರುತ್ತಾರೆ. ನಡುವೆ ಔಷಧ ಕಂಪನಿಯ ಎಂಆರ್‌ಗಳು, ಅಂದರೆ ಮಾರಾಟ ಪ್ರತಿನಿಧಿಗಳು ಬೇರೆ. ಎರಡು ಸಾಲು ಒಂದೇ ಬಾಗಿಲಿಗೆ ಬಂದು ಸೇರಿದರೆ ಏನಾಗುತ್ತದೆ, ಅಲ್ವಾ?

ಇನ್ನೊಂದು ತಾಪತ್ರಯ ಒಟಿಪಿ. 2019ರಲ್ಲಿ ಅತ್ತೆ ಪಕ್ಕದ ಮನೆಯವರ ಜೊತೆ ಕ್ಲಿನಿಕ್‌ಗೆ ಹೋಗಿದ್ದರು. ನಾನು ಆಫೀಸಿನಿಂದ ಫಾಸ್ಟ್ ಲೋಕಲ್‌ನಲ್ಲಿ ಬರುತ್ತಿದ್ದೆ. ಕೌಂಟರ್‌ನಲ್ಲಿ ಒಟಿಪಿ ಕೇಳಿದರು. ಅದು ಬರುವುದು ನನ್ನ ಫೋನಿಗೆ. ಗಾಡಿ ಠಾಣೆ ದಾಟಿ ಪಾರ್ಸಿಕ್ ಸುರಂಗ ಹೊಕ್ಕಿತ್ತು. ಒಂದು ಕಿಲೋಮೀಟರಿಗೂ ಉದ್ದದ ಸುರಂಗ, ಒಳಗೆ ನೆಟ್‌ವರ್ಕ್ ಇಲ್ಲ. ಹೊರಗೆ ಬಂದಾಗ ನಾಲ್ಕು ಮಿಸ್ಡ್ ಕಾಲ್. ಒಟಿಪಿಯ ಅವಧಿ ಮುಗಿದಿತ್ತು. 71 ವರ್ಷದ ಅತ್ತೆಯನ್ನು ಸಾಲಿನ ಕೊನೆಗೆ ಕೂರಿಸಿದ್ದರು. ಅವರ ಹೆಸರು, ಫೈಲು, ಕೈಯಲ್ಲಿದ್ದ ಮಾತ್ರೆ ಚೀಟಿ, ಯಾವುದೂ ಸಾಲಲಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯಿತು. ಅದೇ ದಿನ ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿ, ಡಾಕ್ಟರ್‌ಗಳು ವಿಡಿಯೋ ಮತ್ತು ಫೋನಿನಲ್ಲಿ ನೋಡುವುದಕ್ಕೆ ನಿಯಮ ಮಾಡಿತು. ಆ ತಿಂಗಳುಗಳಲ್ಲಿ ಆ್ಯಪ್ ನಮ್ಮ ಕೈ ಹಿಡಿಯಿತು. ಈ ಮಾತನ್ನು ನಾನು ಮರೆಯುವುದಿಲ್ಲ.

ಇನ್ನು ಮುಖ್ಯ ವಿಷಯ. ಈ ಆ್ಯಪ್‌ನಲ್ಲಿ ಡಾಕ್ಟರ್ ಯಾವ ಭಾಷೆ ಮಾತಾಡುತ್ತಾರೆ ಎಂದು ನೋಡಿ ಹುಡುಕುವ ಫಿಲ್ಟರ್ ಇತ್ತು. 2021ರಲ್ಲಿ ಸುಮ್ನೆ ಒಮ್ಮೆ ಕನ್ನಡ ಒತ್ತಿದೆ. ಮುಲುಂಡ್‌ನಲ್ಲಿ ಒಬ್ಬ ಶುಗರ್ ಡಾಕ್ಟರ್ ಸಿಕ್ಕರು. ಅಲ್ಲಿಯವರೆಗೆ ಅತ್ತೆ ಎಲ್ಲ ಡಾಕ್ಟರ್‌ಗಳಿಗೂ ಹೇಳುತ್ತಿದ್ದುದು ಒಂದೇ ಹಿಂದಿ ಮಾತು, ‘ಪಾವ್ ಮೇ ದರ್ದ್ ಹೈ’, ಕಾಲು ನೋವು ಅಂತ. ಅವರೂ ನೋವಿನ ಮಾತ್ರೆ ಬರೆಯುತ್ತಿದ್ದರು. ಮುಲುಂಡ್‌ನಲ್ಲಿ ಡಾಕ್ಟರ್ ‘ಏನಾಗ್ತದೆ ಅಮ್ಮ, ಹೇಳಿ’ ಎಂದರು. ಅತ್ತೆ ಸೆರಗು ಸರಿಮಾಡಿಕೊಂಡು ಶುರು ಮಾಡಿದರು. ರಾತ್ರಿ ಅಂಗಾಲು ಉರಿಯುತ್ತದೆ. ಬೆರಳಲ್ಲಿ ಜುಮುಜುಮು. ಹಾಕಿಕೊಂಡ ಚಪ್ಪಲಿ ಕಾಲಿನಿಂದ ಜಾರಿದರೂ ಗೊತ್ತಾಗುವುದಿಲ್ಲ.

ಚಪ್ಪಲಿಯ ಮಾತು ನನಗೂ ಹೊಸದು. ಡಾಕ್ಟರ್ ಬರೆಯುವುದನ್ನು ನಿಲ್ಲಿಸಿ ಎದ್ದರು. ಅತ್ತೆಗೆ ಕಣ್ಣು ಮುಚ್ಚಲು ಹೇಳಿ, ಒಂದು ಸಣ್ಣ ನೈಲಾನ್ ಎಳೆಯನ್ನು ಅದು ಬಾಗುವಷ್ಟು ಅಂಗಾಲಿಗೆ ಒತ್ತುತ್ತಾ ಹೋದರು. ತಾಗಿದಾಗ ‘ಹೂಂ’ ಅನ್ನಬೇಕು. ಹಿಮ್ಮಡಿಯಲ್ಲಿ ಅತ್ತೆ ಹೂಂ ಎಂದರು. ಹೆಬ್ಬೆರಳಿನ ಕೆಳಗೆ ನಾಲ್ಕು ಸಲ ತಾಗಿಸಿದರೂ ಸುಮ್ಮನೆ ಕೂತಿದ್ದರು. ಶುಗರ್‌ನಿಂದ ನರಗಳಿಗೆ ಪೆಟ್ಟಾಗಿತ್ತು. ಇಂಥ ಕಾಲಿಗೆ ಗಾಯವಾದರೂ ತಿಳಿಯುವುದಿಲ್ಲ, ಅದು ಹುಣ್ಣಾಗಿ ಬೆಳೆಯಬಹುದು. ಅಂದಿನಿಂದ ಮನೆಯೊಳಗೂ ಬರಿಗಾಲಲ್ಲಿ ಓಡಾಡುವಂತಿಲ್ಲ. ರಾತ್ರಿ ಮಲಗುವ ಮುಂಚೆ ನಾನು ಕನ್ನಡಿ ಹಿಡಿದು ಅವರ ಅಂಗಾಲು ತೋರಿಸುತ್ತೇನೆ.

ಆ ಫಿಲ್ಟರ್ ಈಗ ಇಲ್ಲ. ಎರಡು ವರ್ಷದ ಹಿಂದಿನ ಅಪ್‌ಡೇಟ್‌ನಲ್ಲಿ ಹೋಯಿತು. ಆ ಜಾಗದಲ್ಲಿ ಲ್ಯಾಬ್ ಪ್ಯಾಕೇಜ್‌ಗಳ ಜಾಹೀರಾತು. ಮೂರು ಸಲ ಬರೆದು ಕೇಳಿದೆ. ಮೂರೂ ಸಲ ಒಂದೇ ಉತ್ತರ, ನಿಮ್ಮ ಸಲಹೆಗೆ ಧನ್ಯವಾದ. ಡೊಂಬಿವಲಿ, ಠಾಣೆ, ಮಾಟುಂಗಾದಲ್ಲಿ ನಮ್ಮಂಥ ಎಷ್ಟು ಮನೆಗಳಿವೆ, ಎಷ್ಟು ಅಮ್ಮಂದಿರು ಒಂದೇ ಹಿಂದಿ ವಾಕ್ಯ ಹೇಳಿ ವಾಪಸ್ ಬರುತ್ತಿದ್ದಾರೆ ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ಇದನ್ನು ಬಳಸುವವರಿಗೆ ನಾನು ಹೇಳುವುದಿಷ್ಟು. ಹೋಗುವ ದಿನ ರಿಸೆಪ್ಷನ್‌ಗೆ ಫೋನ್ ಮಾಡಿ, ಮುಂದೆ ಎಷ್ಟು ಜನರಿದ್ದಾರೆ ಕೇಳಿಯೇ ಹೊರಡಿ. ವಯಸ್ಸಾದವರ ಬುಕಿಂಗ್‌ಗೆ ಜೊತೆಯಲ್ಲಿ ಹೋಗುವವರ ನಂಬರ್ ಕೊಡಿ. ಡಾಕ್ಟರ್‌ಗೆ ಯಾವ ಭಾಷೆ ಬರುತ್ತದೆ ಎಂದೂ ಅದೇ ಫೋನಿನಲ್ಲಿ ಕೇಳಿ, ಸಂಕೋಚ ಬೇಡ. ಫಿಲ್ಟರ್ ವಾಪಸ್ ಬಂದ ದಿನ ಮೇಲಿನ 3ನ್ನು 4 ಎಂದು ತಿದ್ದುತ್ತೇನೆ.