ಗದ್ದೆಗೂ ಇಳಿಯುವ ಜೈಪುರ ಕಾಲು: ಪಾದ ಗಟ್ಟಿ, ಸಾಕೆಟ್ ಮಾತ್ರ ನೋಡಿ ತಗೊಳ್ಳಿ

ಮಂಡಿಯಿಂದ ಕೆಳಗೆ ಕಾಲು ಕಳೆದುಕೊಂಡವರು ಬರಿಗಾಲಲ್ಲಿ ಓಡಾಡಬೇಕು, ನೆಲದ ಮೇಲೆ ಕೂತು ಉಣ್ಣಬೇಕು, ಕೆಸರಿಗೆ ಇಳಿಯಬೇಕು ಅಂದರೆ ಜೈಪುರ ಕಾಲು ಎಂಬ ಕೃತಕ ಕಾಲನ್ನೇ ಮೊದಲು ನೋಡಬೇಕು. 1968ರಲ್ಲಿ ಜೈಪುರದ ಸವಾಯಿ ಮಾನ್ ಸಿಂಗ್ (ಎಸ್‌ಎಂಎಸ್) ಆಸ್ಪತ್ರೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ, ಮೂಳೆ ವೈದ್ಯ ಡಾ. ಪಿ.ಕೆ. ಸೇಠಿ ಸೇರಿ ರೂಪಿಸಿದ ಪಾದ ಇದು. 1975ರಲ್ಲಿ ಹುಟ್ಟಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಉಚಿತವಾಗಿ ಹಾಕಿಕೊಡುತ್ತದೆ.

ಪಾದದ ಒಳಗೆ ಸ್ಪಂಜಿನಂಥ ರಬ್ಬರ್, ಹರಡಿನ (ಪಾದದ ಕೀಲಿನ) ಹತ್ತಿರ ಮರದ ತುಂಡು, ಸುತ್ತ ಟೈರ್ ನೂಲು, ಮೇಲೆ ಚರ್ಮದ ಬಣ್ಣದ ರಬ್ಬರ್. ಹರಡು ಎಲ್ಲ ಕಡೆಗೂ ಬಾಗುವುದರಿಂದ ಗದ್ದೆಯ ಬದುವಿನ ಮೇಲೂ ಪಾದ ಊರುತ್ತದೆ, ಕುಕ್ಕರಗಾಲಲ್ಲೂ ಕೂರಬಹುದು. ಹರಡು ಬಾಗದ, ಶೂ ಬೇಡುವ ಪಾದಗಳಲ್ಲಿ ಈ ಸುಖ ಇಲ್ಲ. ಆದರೆ ತೂಕ ಜಾಸ್ತಿ. ಕಾರ್ಬನ್ ಫೈಬರ್ ಪಾದದ ಹಾಗೆ ಹೆಜ್ಜೆಯನ್ನು ಮುಂದಕ್ಕೆ ಚಿಮ್ಮಿಸುವುದಿಲ್ಲ. ಬರಿಗಾಲ ಅಳತೆಗೆ ಜೋಡಿಸಿದ ಕಾಲಿಗೆ ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿದರೆ ಮಂಡಿ ಮುಂದಕ್ಕೆ ತಳ್ಳಿದಂತಾಗುತ್ತದೆ.

ತೊಂದರೆ ಬರುವುದು ಹೆಚ್ಚಾಗಿ ಸಾಕೆಟ್‌ನಲ್ಲಿ, ಅಂದರೆ ಉಳಿದ ಕಾಲು ಕೂರುವ ಗೂಡಿನಲ್ಲಿ. ಪ್ಲಾಸ್ಟರ್ ಅಚ್ಚಿನ ಮೇಲೆ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ ಪೈಪನ್ನು ಕಾಯಿಸಿ ಎಳೆದು ಮಾಡುತ್ತಾರೆ. ಬೇಗ ಸಿಗುತ್ತದೆ, ಆ ಅವಸರದಲ್ಲೇ ಅಳತೆ ತಪ್ಪುವುದೂ ಉಂಟು. ಕೈಗೆ ಬಂದ ಕೂಡಲೇ ಊರಿನ ಬಸ್ ಹತ್ತಬೇಡಿ. ಹದಿನೈದು ನಿಮಿಷ ನಡೆದು, ಬಿಚ್ಚಿ, ಕೈಗನ್ನಡಿ ಹಿಡಿದು ಸ್ಟಂಪ್ (ಉಳಿದ ಕಾಲಿನ ತುಂಡು) ನೋಡಿ. ಮಂಡಿಚಿಪ್ಪಿನ ಕೆಳಗೆ ತುಸು ಕೆಂಪಾಗಿದ್ದರೆ ಸರಿ, ಭಾರ ಹೊರಬೇಕಾದ್ದೇ ಅಲ್ಲಿ. ಸ್ಟಂಪಿನ ತುದಿ, ಮುಂಗಾಲ ಮೂಳೆಯ ಏಣು, ಮಂಡಿಯ ಹೊರಬದಿಯ ಗುಬುಟು ಕೆಂಪಾಗಿ ಹತ್ತು ನಿಮಿಷವಾದರೂ ಇಳಿಯದಿದ್ದರೆ ಅಲ್ಲಿ ಸಾಕೆಟ್ ಒತ್ತುತ್ತಿದೆ. ಆ ಜಾಗವನ್ನು ಕಾಯಿಸಿ ಉಬ್ಬಿಸಿಕೊಡಿ ಎಂದು ಅಲ್ಲೇ ಕೇಳಿ; ಅದು ಮಾಡಬಹುದಾದ ಕೆಲಸವೇ. ಸಕ್ಕರೆ ಕಾಯಿಲೆಯಿಂದ ಕಾಲು ಹೋದವರಿಗೆ ನೋವು ಗೊತ್ತಾಗದಿರಬಹುದು, ಅವರಿಗಂತೂ ದಿನವೂ ಕನ್ನಡಿ ಬೇಕೇ ಬೇಕು.

ಮೊದಲ ತಿಂಗಳುಗಳಲ್ಲಿ ಸ್ಟಂಪ್ ಸೊರಗುತ್ತದೆ, ದಿನದಲ್ಲೇ ಸಂಜೆ ಹೊತ್ತಿಗೂ ಸಡಿಲವಾಗುತ್ತದೆ. ನಡೆಯುವಾಗ ಕಾಲು ಮೇಲೆ ಕೆಳಗೆ ಜಾರಿದರೆ ಇನ್ನೊಂದು ಹತ್ತಿ ಕಾಲುಚೀಲ ಸೇರಿಸಿ. ಚೀಲ ಹೆಚ್ಚಾದರೆ ಸ್ಟಂಪ್ ಪೂರ್ತಿ ಇಳಿಯದೆ ಆ ಕಾಲು ಉದ್ದವಾದಂತೆ ಅನಿಸುತ್ತದೆ, ಆಗ ಒಂದು ತೆಗೆಯಿರಿ. ಎಷ್ಟು ಚೀಲ ಹಾಕಿದರೂ ಸಡಿಲವೇ ಅಂದರೆ ಹೊಸ ಸಾಕೆಟ್ ಕೇಳಿ. ಪ್ಲಾಸ್ಟಿಕ್ ಬೆವರು ಹೀರುವುದಿಲ್ಲ, ಹಾಗಾಗಿ ಚೀಲ ದಿನವೂ ಒಗೆದು ಒಣಗಿಸಿದ್ದೇ ಹಾಕಬೇಕು.

ಗದ್ದೆಯಿಂದ ಬಂದ ಮೇಲೆ ಪೈಪು ಪಾದ ಕೂಡುವ ಸಂದಿನ ಮರಳು ತೊಳೆಯಿರಿ, ಸ್ಕ್ರೂ ಅಲುಗಾಡುತ್ತದೆಯೇ ನೋಡಿ. ಬೆರಳಿನ ಬುಡದಲ್ಲಿ ರಬ್ಬರ್ ಸೀಳಿ ಒಳಗಿನ ನೂಲು ಕಂಡರೆ ಪಾದ ಬದಲಿಸಿಕೊಳ್ಳಿ.